ಸಂಕಲನ ಚಿಹ್ನೆಯ ಗುಣಗಳನ್ನು ಬಳಸಿ ಶ್ರೇಢಿಗಳ ಮೊತ್ತ ಕಂಡುಹಿಡಿಯುವ ಬಗೆ

ಹತ್ತನೆಯ ತರಗತಿಯವರೆಗೆ ಮೊತ್ತವೆಂದರೆ ಸಮಾಂತರ ಶ್ರೇಢಿಯ ಮೊತ್ತವೇ ಮುಖ್ಯ. ಮೊದಲ ಪದ, ಸಾಮಾನ್ಯ ವ್ಯತ್ಯಾಸ, ಪದಗಳ ಸಂಖ್ಯೆ ಈ ಮೂರನ್ನು ಸೂತ್ರಕ್ಕೆ ತುಂಬಿದರೆ ಉತ್ತರ ಬರುತ್ತದೆ. ಪಿಯುಸಿ ವಿಜ್ಞಾನಕ್ಕೆ ಸೇರಿದ ಮೇಲೆ ವರ್ಗಗಳ ಮೊತ್ತ, ಘನಗಳ ಮೊತ್ತ, ಗುಣಲಬ್ಧಗಳ ಮೊತ್ತ, ಭಿನ್ನರಾಶಿಗಳ ಮೊತ್ತ ಎಂದು ಒಂದರ ಹಿಂದೊಂದು ಎದುರಾಗುತ್ತವೆ, ಪ್ರತಿಯೊಂದಕ್ಕೂ ಪ್ರತ್ಯೇಕ ಸೂತ್ರವಿರಬೇಕೆಂದು ಭಾವಿಸಿದ ವಿದ್ಯಾರ್ಥಿಗಳು ಉದ್ದನೆಯ ಪಟ್ಟಿಯನ್ನು ಬಾಯಿಪಾಠ ಮಾಡತೊಡಗುತ್ತಾರೆ. ಮದ್ದೂರು, ಪಾಂಡವಪುರ, ನಾಗಮಂಗಲದ ಕಡೆಯ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಮಂಡ್ಯ, ಮೈಸೂರಿನ ಕಾಲೇಜುಗಳಿಗೆ ಬರುವ ಮಕ್ಕಳು ಈ ಹಂತದಲ್ಲಿ ತಡವರಿಸುವುದನ್ನು ನೋಡಿದ್ದೇನೆ. ಅವರಿಗೆ ಲೆಕ್ಕ ಬಾರದೆಂದಲ್ಲ. ಚಿಹ್ನೆ ಹೊಸದು, ಅದನ್ನು ವಿವರಿಸುವ ಭಾಷೆಯೂ ಹೊಸದು. ಮುಖ್ಯವಾಗಿ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ನೆನಪಿನಲ್ಲಿಡಬೇಕಾದದ್ದು ನಿಜವಾಗಿ ಬಹಳ ಕಡಿಮೆ. ಸಂಕಲನದ ಕೆಲವೇ ಗುಣಗಳು ಮತ್ತು ಮೂರು ಮೂಲ ಮೊತ್ತಗಳು ಕೈವಶವಾದರೆ ಪಠ್ಯಪುಸ್ತಕದ ಬಹುಪಾಲು ಲೆಕ್ಕಗಳನ್ನು ಬಿಡಿಸಬಹುದು. ತಪ್ಪುಗಳು ಹೆಚ್ಚಾಗಿ ಹುಟ್ಟುವ ಜಾಗವೂ ಸೂತ್ರವಲ್ಲ. ಎಲ್ಲಿಂದ ಎಲ್ಲಿಯವರೆಗೆ ಕೂಡುತ್ತಿದ್ದೇವೆ ಎಂಬ ಮಿತಿಗಳಲ್ಲಿಯೇ ಅವು ಹುಟ್ಟುತ್ತವೆ. ಆದ್ದರಿಂದ ಮಿತಿಗಳ ವಿಷಯದಲ್ಲಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಚಿಹ್ನೆಯನ್ನು ಓದುವ ಕ್ರಮ

∑ ಎಂಬುದನ್ನು ಸಿಗ್ಮಾ ಎಂದು ಕರೆಯುತ್ತಾರೆ. ಅದರ ಬಲಗಡೆಯ ಬೀಜೋಕ್ತಿಯಲ್ಲಿರುವ ಒಂದು ಚರಾಕ್ಷರಕ್ಕೆ ಒಂದಾದ ಮೇಲೊಂದರಂತೆ ಪೂರ್ಣಾಂಕ ಬೆಲೆಗಳನ್ನು ಕೊಡುತ್ತಾ ಹೋಗಿ, ಬಂದದ್ದನ್ನೆಲ್ಲ ಕೂಡಬೇಕು ಎಂಬುದು ಅದರ ಅರ್ಥ. ಪುಸ್ತಕಗಳಲ್ಲಿ ಆರಂಭದ ಬೆಲೆಯನ್ನು ಚಿಹ್ನೆಯ ಕೆಳಗೂ ಕೊನೆಯ ಬೆಲೆಯನ್ನು ಮೇಲೂ ಬರೆಯುತ್ತಾರೆ; ಇಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಬರಬೇಕಾದ್ದರಿಂದ ∑(ಕ=1…ನ) ಎಂದು ಬರೆಯುತ್ತೇನೆ. ಇದರಲ್ಲಿ ‘ಕ’ ಎಣಿಕೆಯ ಚರಾಕ್ಷರ, 1 ಕೆಳಮಿತಿ, ‘ನ’ ಮೇಲ್ಮಿತಿ. ಶ್ರೇಢಿಯ ‘ಕ’ನೆಯ ಪದವನ್ನು ಅ(ಕ) ಎಂದೂ, 2ರ ‘ಕ’ನೆಯ ಘಾತವನ್ನು 2^ಕ ಎಂದೂ ಬರೆಯುತ್ತೇನೆ. ಒಂದು ಉದಾಹರಣೆ:

∑(ಕ=1…5) (2ಕ + 1) = 3 + 5 + 7 + 9 + 11 = 35

‘ಕ’ ಎಂಬ ಅಕ್ಷರಕ್ಕೆ ಇಲ್ಲಿ ಸ್ವಂತ ಬೆಲೆಯಿಲ್ಲ. ಅದರ ಜಾಗದಲ್ಲಿ ‘ಜ’ ಎಂದು ಬರೆದರೂ ಮೊತ್ತ 35 ಆಗಿಯೇ ಇರುತ್ತದೆ. ಹೀಗಾಗಿ ಅಂತಿಮ ಉತ್ತರದಲ್ಲಿ ‘ಕ’ ಉಳಿದುಕೊಂಡಿದ್ದರೆ ನಡುವೆ ಎಲ್ಲೋ ತಪ್ಪಾಗಿದೆ ಎಂದು ಆ ಕ್ಷಣವೇ ತಿಳಿಯಬಹುದು. ಮಿತಿಯಲ್ಲಿರುವ ‘ನ’ ಮಾತ್ರ ಉತ್ತರದಲ್ಲಿ ಉಳಿಯಲು ಅವಕಾಶವಿದೆ.

ಪರೀಕ್ಷೆಯಲ್ಲಿ ಮೊತ್ತ ಹಲವು ಬಾರಿ ಸಿಗ್ಮಾ ಇಲ್ಲದೆ, ಬಿಡಿಸಿದ ರೂಪದಲ್ಲಿ ಬರುತ್ತದೆ. ಉದಾಹರಣೆಗೆ 4 + 7 + 10 + … + 91 ಎಂದು ಕೊಟ್ಟಿದ್ದರೆ ಮೊದಲು ಸಾಮಾನ್ಯ ಪದವನ್ನು ಗುರುತಿಸಬೇಕು. ಪದಗಳು ಮೂರು ಮೂರರಂತೆ ಏರುತ್ತವೆ, ಮೊದಲನೆಯದು 4, ಆದ್ದರಿಂದ ಅ(ಕ) = 3ಕ + 1. ಕೊನೆಯ ಪದ 91 ಆಗಬೇಕಾದರೆ 3ಕ + 1 = 91, ಅಂದರೆ ಕ = 30. ಈಗ ಮೊತ್ತವನ್ನು ∑(ಕ=1…30) (3ಕ + 1) ಎಂದು ಬರೆಯಬಹುದು. ಈ ಎರಡು ಹೆಜ್ಜೆಗಳನ್ನು, ಅಂದರೆ ಸಾಮಾನ್ಯ ಪದ ಬರೆಯುವುದು ಮತ್ತು ಕೊನೆಯ ಪದದಿಂದ ಮೇಲ್ಮಿತಿಯನ್ನು ಪಡೆಯುವುದು, ಅವಸರದಲ್ಲಿ ಬಿಡಬಾರದು. ಮುಂದಿನ ಲೆಕ್ಕವೆಲ್ಲ ಇವುಗಳ ಮೇಲೆ ನಿಂತಿದೆ.

ಕೆಳಮಿತಿ 1 ಅಲ್ಲದಿದ್ದಾಗ ಪದಗಳ ಸಂಖ್ಯೆ ಎಷ್ಟೆಂಬುದನ್ನು ಇಲ್ಲೇ ಖಚಿತಪಡಿಸಿಕೊಳ್ಳೋಣ. ಚಾಮುಂಡಿ ಬೆಟ್ಟದ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹರಕೆಯನ್ನು ಮೈಸೂರಿನವರೆಲ್ಲ ಕಂಡಿರುತ್ತಾರೆ. ಒಬ್ಬರು 300ನೆಯ ಮೆಟ್ಟಿಲಿನಿಂದ 700ನೆಯ ಮೆಟ್ಟಿಲಿನವರೆಗೆ, ಆ ಎರಡನ್ನೂ ಸೇರಿಸಿ, ಕುಂಕುಮ ಹಚ್ಚಿದರೆ ಅವರು ಹಚ್ಚಿದ ಮೆಟ್ಟಿಲುಗಳು 400 ಅಲ್ಲ, 401. ಮೇಲ್ಮಿತಿಯಿಂದ ಕೆಳಮಿತಿಯನ್ನು ಕಳೆದಾಗ ಆರಂಭದ ಮೆಟ್ಟಿಲೂ ಲೆಕ್ಕದಿಂದ ಬಿಟ್ಟುಹೋಗುತ್ತದೆ, ಅದನ್ನು ಮತ್ತೆ ಸೇರಿಸಬೇಕು. ಆದ್ದರಿಂದ ಪದಗಳ ಸಂಖ್ಯೆ ಯಾವಾಗಲೂ ಮೇಲ್ಮಿತಿ − ಕೆಳಮಿತಿ + 1. ಕೆಳಮಿತಿ 0 ಆದಾಗಲೂ ಇದೇ ನಿಯಮ: 0ಯಿಂದ 9ರವರೆಗೆ 10 ಪದಗಳು.

ಏನು ಮಾಡಬಹುದು, ಏನು ಮಾಡಬಾರದು

ಸಂಕಲನದ ಗುಣಗಳು ಹೊಸ ವಿಷಯಗಳಲ್ಲ. ಪ್ರಾಥಮಿಕ ಶಾಲೆಯಲ್ಲಿ ಕಲಿತ ನಿಯಮಗಳನ್ನೇ ಅನೇಕ ಪದಗಳಿಗೆ ಒಟ್ಟಿಗೆ ಅನ್ವಯಿಸಿದಾಗ ಅವು ದೊರೆಯುತ್ತವೆ. 5×1 + 5×2 + 5×3 ಎಂಬುದರಲ್ಲಿ 5 ಎಲ್ಲ ಪದಗಳಿಗೂ ಸಾಮಾನ್ಯವಾದ್ದರಿಂದ ವಿಭಾಜಕ ನಿಯಮದ ಪ್ರಕಾರ ಅದನ್ನು ಆವರಣದ ಹೊರಗೆ ತರಬಹುದು. ಅದೇ ರೀತಿ ಸ್ಥಿರಾಂಕ ‘ಸ’ ಯಾವುದೇ ಇರಲಿ,

∑ ಸ×ಅ(ಕ) = ಸ × ∑ ಅ(ಕ)

ಕೂಡುವ ಕ್ರಮವನ್ನು ಬದಲಿಸಿದರೆ ಮೊತ್ತ ಬದಲಾಗುವುದಿಲ್ಲವಾದ್ದರಿಂದ ಎರಡು ಶ್ರೇಢಿಗಳ ಪದಗಳನ್ನು ಜೋಡಿಯಾಗಿ ಕೂಡಿದರೂ ಬೇರೆಬೇರೆಯಾಗಿ ಕೂಡಿ ಕೊನೆಗೆ ಸೇರಿಸಿದರೂ ಒಂದೇ:

∑ (ಅ(ಕ) + ಬ(ಕ)) = ∑ ಅ(ಕ) + ∑ ಬ(ಕ)

ಕಳೆಯುವುದಕ್ಕೂ ಇದೇ ಮಾತು ಸಲ್ಲುತ್ತದೆ. ಮೂರನೆಯದು, ಸ್ಥಿರಾಂಕವೊಂದನ್ನೇ ಕೂಡಿದಾಗ ಬರುವ ಮೊತ್ತ: ∑(ಕ=1…ನ) ಸ = ನ×ಸ. ಇದು ಅತ್ಯಂತ ಸುಲಭವಾದದ್ದು, ಅತ್ಯಂತ ಹೆಚ್ಚು ತಪ್ಪಾಗುವುದೂ ಇದರಲ್ಲೇ. ∑(ಕ=1…20) 7 ಎಂಬುದರಲ್ಲಿ ‘ಕ’ ಕಾಣಿಸದೇ ಇರುವುದರಿಂದ ಅನೇಕರು ಉತ್ತರವನ್ನು 7 ಎಂದೇ ಬರೆದುಬಿಡುತ್ತಾರೆ. ಇಪ್ಪತ್ತು ಬಾರಿ ಏಳನ್ನು ಕೂಡುತ್ತಿದ್ದೇವೆ, ಉತ್ತರ 140. ಇದೇ ∑(ಕ=5…20) 7 ಆಗಿದ್ದರೆ ಪದಗಳು 16, ಉತ್ತರ 112.

ಸ್ಥಿರಾಂಕವೆಂದರೆ ಬರೀ ಅಂಕಿಯೇ ಆಗಬೇಕಿಲ್ಲ. ‘ಕ’ ಬದಲಾದಾಗ ಬದಲಾಗದೆ ಉಳಿಯುವ ಯಾವುದೇ ಅಕ್ಷರ ಆ ಮೊತ್ತದ ಮಟ್ಟಿಗೆ ಸ್ಥಿರಾಂಕವೇ. ∑(ಕ=1…ನ) (ನ − ಕ) ಎಂಬಲ್ಲಿ ‘ನ’ ಸ್ಥಿರ; ಹೀಗಾಗಿ ಮೊದಲ ಭಾಗ ನ×ನ = ನ² ಆಗುತ್ತದೆ. ‘ಕ’ವನ್ನು ಮಾತ್ರ ಎಂದಿಗೂ ಸಿಗ್ಮಾದ ಹೊರಗೆ ತರುವಂತಿಲ್ಲ.

ಈಗ ಮಾಡಬಾರದ್ದು. ಗುಣಲಬ್ಧದ ಮೊತ್ತ ಮೊತ್ತಗಳ ಗುಣಲಬ್ಧವಲ್ಲ. 1×1 + 2×2 = 5; ಆದರೆ (1 + 2)×(1 + 2) = 9. ಭಾಗಾಕಾರವೂ ಹಾಗೆಯೇ: 1/1 + 1/2 ಎಂದರೆ 3/2, ಅದು 1/(1 + 2) ಅಲ್ಲ. ಕಾರಣ ಸರಳ. ಎರಡು ಮೊತ್ತಗಳನ್ನು ಗುಣಿಸಿದಾಗ ಮೊದಲನೆಯದರ ಪ್ರತಿ ಪದವೂ ಎರಡನೆಯದರ ಪ್ರತಿ ಪದದೊಡನೆ ಗುಣಿತವಾಗುತ್ತದೆ, ನಮಗೆ ಬೇಕಾದ ಜೋಡಿಗಳ ಜೊತೆಗೆ ಬೇಡದ ಜೋಡಿಗಳೂ ಸೇರಿಕೊಳ್ಳುತ್ತವೆ. ಗುಣಲಬ್ಧ ಎದುರಾದಾಗ ಮೊದಲು ಅದನ್ನು ಗುಣಿಸಿ, ಕೂಡುವ ಕಳೆಯುವ ಪದಗಳಾಗಿ ಬಿಡಿಸಿ, ಆಮೇಲೆ ಸಿಗ್ಮಾವನ್ನು ಹಂಚಬೇಕು.

ಮೂರು ಮೂಲ ಮೊತ್ತಗಳು

∑(ಕ=1…ನ) ಕ = ನ(ನ+1)/2
∑(ಕ=1…ನ) ಕ² = ನ(ನ+1)(2ನ+1)/6
∑(ಕ=1…ನ) ಕ³ = [ನ(ನ+1)/2]²

ಇವು ಹೊಸ ಕಾಲದವಲ್ಲ. 499ರ ಆರ್ಯಭಟೀಯದ ಗಣಿತಪಾದದಲ್ಲಿ ವರ್ಗಗಳ ಮೊತ್ತವನ್ನು ಮೂರು ರಾಶಿಗಳ ಗುಣಲಬ್ಧದ ಆರನೆಯ ಒಂದು ಭಾಗವೆಂದೂ, ಘನಗಳ ಮೊತ್ತವನ್ನು ಸಂಖ್ಯೆಗಳ ಮೊತ್ತದ ವರ್ಗವೆಂದೂ ಹೇಳಲಾಗಿದೆ. ಈ ಮೂರನ್ನು ನೆನಪಿನಲ್ಲಿಟ್ಟುಕೊಳ್ಳುವುದು ಅಗತ್ಯ, ಆದರೆ ಎಲ್ಲಿಂದ ಬಂದವೆಂದು ತಿಳಿದಿದ್ದರೆ ಮರೆತರೂ ಭಯವಿಲ್ಲ. ಅವುಗಳನ್ನು ಪಡೆಯುವ ವಿಧಾನವೂ ಮೇಲಿನ ಗುಣಗಳ ಬಳಕೆಯೇ ಆಗಿರುವುದರಿಂದ ಇಲ್ಲಿ ಪೂರ್ತಿಯಾಗಿ ಮಾಡಿ ತೋರಿಸುತ್ತೇನೆ.

(ಕ+1)² − ಕ² = 2ಕ + 1 ಎಂಬ ನಿತ್ಯಸಮೀಕರಣವನ್ನು ತೆಗೆದುಕೊಂಡು, ‘ಕ’ಗೆ 1ರಿಂದ ‘ನ’ವರೆಗೆ ಬೆಲೆಗಳನ್ನು ಕೊಟ್ಟು ಎರಡೂ ಪಕ್ಕಗಳನ್ನು ಕೂಡೋಣ. ಎಡಪಕ್ಕ ಹೀಗಿರುತ್ತದೆ:

(2² − 1²) + (3² − 2²) + (4² − 3²) + … + ((ನ+1)² − ನ²)

ಪ್ರತಿ ಆವರಣದ ಮೊದಲ ಪದವನ್ನು ಮುಂದಿನ ಆವರಣದ ಎರಡನೆಯ ಪದ ರದ್ದುಮಾಡುತ್ತದೆ. ಉಳಿಯುವುದು (ನ+1)² − 1 ಮಾತ್ರ. ಬಲಪಕ್ಕ ಗುಣಗಳ ಪ್ರಕಾರ 2∑ಕ + ನ. ಆದ್ದರಿಂದ 2∑ಕ = (ನ+1)² − 1 − ನ = ನ² + ನ, ಅಂದರೆ ∑ಕ = ನ(ನ+1)/2.

ವರ್ಗಗಳಿಗೆ ಒಂದು ಘಾತ ಮೇಲೆ ಹೋಗಬೇಕು. (ಕ+1)³ − ಕ³ = 3ಕ² + 3ಕ + 1. ಎಡಪಕ್ಕ ಮತ್ತೆ ರದ್ದಾಗುತ್ತಾ ಹೋಗಿ (ನ+1)³ − 1 ಉಳಿಯುತ್ತದೆ. ಬಲಪಕ್ಕದಲ್ಲಿ 3∑ಕ² + 3ನ(ನ+1)/2 + ನ. ಇದರಿಂದ

3∑ಕ² = (ನ+1)³ − (ನ+1) − 3ನ(ನ+1)/2

(ನ+1)ನ್ನು ಸಾಮಾನ್ಯ ಅಪವರ್ತನವಾಗಿ ಹೊರತೆಗೆದರೆ ಒಳಗೆ ಉಳಿಯುವುದು (ನ+1)² − 1 − 3ನ/2, ಅಂದರೆ ನ² + ನ/2, ಅಂದರೆ ನ(2ನ+1)/2. ಹೀಗೆ 3∑ಕ² = ನ(ನ+1)(2ನ+1)/2 ಎಂದಾಗಿ, ಮೂರರಿಂದ ಭಾಗಿಸಿದಾಗ ಸೂತ್ರ ಸಿದ್ಧವಾಗುತ್ತದೆ. ಘನಗಳಿಗೆ (ಕ+1)⁴ − ಕ⁴ ಎಂಬುದರಿಂದ ಆರಂಭಿಸಬೇಕು. ಅದನ್ನು ಓದುಗರೇ ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಒಮ್ಮೆ ಮಾಡಿದವರಿಗೆ ನಾಲ್ಕನೆಯ ಘಾತಗಳ ಮೊತ್ತವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಬಿಡಿಸುವ ಕ್ರಮ

ಗುಣಗಳೂ ಮೂಲ ಮೊತ್ತಗಳೂ ಒಟ್ಟಿಗೆ ಕೆಲಸ ಮಾಡುವುದನ್ನು ಒಂದು ಸಾಧಾರಣ ಲೆಕ್ಕದಲ್ಲಿ ನೋಡೋಣ.

∑(ಕ=1…20) (3ಕ² − 5ಕ + 2)
= 3∑ಕ² − 5∑ಕ + ∑2
= 3×2870 − 5×210 + 40
= 8610 − 1050 + 40 = 7600

ಇಲ್ಲಿ 2870 ಎಂಬುದು 20×21×41/6, 210 ಎಂಬುದು 20×21/2. ಕೊನೆಯ 40 ಇಪ್ಪತ್ತು ಬಾರಿ ಕೂಡಿದ 2. ಉತ್ತರ ಬಂದ ಮೇಲೆ ಒಂದು ಚಿಕ್ಕ ಪರೀಕ್ಷೆ ಮಾಡುವ ಅಭ್ಯಾಸವನ್ನು ವಿದ್ಯಾರ್ಥಿಗಳೆಲ್ಲರೂ ಬೆಳೆಸಿಕೊಳ್ಳಬೇಕು: ಮೇಲ್ಮಿತಿಯನ್ನು 2 ಎಂದು ಮಾಡಿ ಅದೇ ಲೆಕ್ಕವನ್ನು ಎರಡು ರೀತಿ ಮಾಡುವುದು. ನೇರವಾಗಿ ಕೂಡಿದರೆ ಕ = 1 ಆದಾಗ 0, ಕ = 2 ಆದಾಗ 4, ಮೊತ್ತ 4. ಸೂತ್ರದಿಂದ 3×5 − 5×3 + 4 = 4. ಎರಡೂ ಹೊಂದಿಕೊಂಡರೆ ಹಂಚುವ ಹೆಜ್ಜೆಗಳು ಸರಿಯಾಗಿವೆ ಎಂದು ಭರವಸೆಯಿಂದ ಮುಂದುವರಿಯಬಹುದು.

ಮೈಸೂರಿನ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವಾಗ ಮೆಟ್ಟಿಲುಗಳನ್ನು ಸಾಮಾನ್ಯವಾಗಿ ಬೆಸ ಸಂಖ್ಯೆಯಲ್ಲಿ ಇಡುತ್ತಾರೆ, ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳನ್ನು ಕೂರಿಸುತ್ತಾರೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳೆರಡೇ ಇದ್ದು, ಕೆಳಗಿಳಿದಂತೆ ಪ್ರತಿ ಮೆಟ್ಟಿಲಿಗೆ ಮೂರು ಗೊಂಬೆ ಹೆಚ್ಚಾಗುತ್ತಾ ಹೋದರೆ ‘ಕ’ನೆಯ ಮೆಟ್ಟಿಲಲ್ಲಿ 3ಕ − 1 ಗೊಂಬೆಗಳಿರುತ್ತವೆ. ಒಂಬತ್ತು ಮೆಟ್ಟಿಲಿಗೆ ಬೇಕಾದ ಗೊಂಬೆಗಳು ∑(ಕ=1…9) (3ಕ − 1) = 3×45 − 9 = 126. ಏಳು ಮೆಟ್ಟಿಲಿಗಾದರೆ 3×28 − 7 = 77. ಇವೆರಡರ ವ್ಯತ್ಯಾಸ 49. ಎಂಟನೆಯ ಮತ್ತು ಒಂಬತ್ತನೆಯ ಮೆಟ್ಟಿಲಿನ 23 ಮತ್ತು 26 ಗೊಂಬೆಗಳನ್ನು ಕೂಡಿದರೆ ಬರುವುದೂ ಅದೇ. ಸಮಾಂತರ ಶ್ರೇಢಿಯ ಹಳೆಯ ಸೂತ್ರದಿಂದಲೂ ಇದನ್ನು ಮಾಡಬಹುದಿತ್ತು. ಸಿಗ್ಮಾದ ಗುಣಗಳ ಪ್ರಯೋಜನ ತಿಳಿಯುವುದು ಸಾಮಾನ್ಯ ವ್ಯತ್ಯಾಸವೇ ಇಲ್ಲದ ಕಡೆ.

ಅಂಥದ್ದಕ್ಕೆ ಮಂಡ್ಯದ ಆಲೆಮನೆಗೆ ಹೋಗೋಣ. ಉಂಡೆ ಬೆಲ್ಲವನ್ನು ಪದರ ಪದರವಾಗಿ ಒಟ್ಟಿದ್ದಾರೆ ಎಂದುಕೊಳ್ಳಿ: ಮೇಲಿನಿಂದ ‘ಕ’ನೆಯ ಪದರದಲ್ಲಿ ‘ಕ’ ಸಾಲುಗಳು, ಪ್ರತಿ ಸಾಲಿನಲ್ಲಿ ಕ + 3 ಉಂಡೆಗಳು. ಮೇಲಿನ ಪದರದಲ್ಲಿ 4 ಉಂಡೆ, ಅದರ ಕೆಳಗೆ 10, ಮತ್ತೆ 18, ಹೀಗೆ ಬೆಳೆಯುತ್ತದೆ. ಹನ್ನೆರಡು ಪದರಗಳಿದ್ದರೆ

∑(ಕ=1…12) ಕ(ಕ+3) = ∑ಕ² + 3∑ಕ = 650 + 3×78 = 884

ಗುಣಲಬ್ಧವನ್ನು ಬಿಡಿಸದೆ ಎರಡು ಮೊತ್ತಗಳಾಗಿ ಒಡೆದು ಗುಣಿಸಿದವರಿಗೆ 78×114, ಅಂದರೆ 8892 ಬರುತ್ತದೆ. ಹತ್ತು ಪಟ್ಟಿಗಿಂತಲೂ ಹೆಚ್ಚು. ರಾಶಿಯನ್ನು ಕಣ್ಣೆದುರು ತಂದುಕೊಂಡರೆ ಉತ್ತರದ ಅಂದಾಜು ಗಾತ್ರ ಮೊದಲೇ ತಿಳಿಯುತ್ತದೆ: ಕೆಳಗಿನ ಪದರದಲ್ಲೇ ಇರುವುದು 12×15 = 180 ಉಂಡೆ, ಹನ್ನೆರಡು ಪದರವೂ ಅಷ್ಟೇ ದೊಡ್ಡದಾಗಿದ್ದರೂ 2160 ದಾಟುವಂತಿಲ್ಲ. ದೊಡ್ಡ ಪದವನ್ನು ಪದಗಳ ಸಂಖ್ಯೆಯಿಂದ ಗುಣಿಸಿ ಪಡೆಯುವ ಈ ಅಂದಾಜು ಯಾವ ಮೊತ್ತಕ್ಕಾದರೂ ಉಪಯೋಗಕ್ಕೆ ಬರುತ್ತದೆ.

ಪ್ರತಿ ಪದರವೂ ಚೌಕವಾಗಿದ್ದರೆ, ಅಂದರೆ 1, 4, 9 ಎಂದು ಬೆಳೆದರೆ, 24 ಪದರಗಳ ರಾಶಿಯಲ್ಲಿ 24×25×49/6 = 4900 ಉಂಡೆಗಳಿರುತ್ತವೆ. ಇದು 70ರ ವರ್ಗ; ರಾಶಿಯನ್ನು ಬಿಚ್ಚಿ ಇಡೀ ಬೆಲ್ಲವನ್ನು ನೆಲದ ಮೇಲೆ 70 ಸಾಲು, ಸಾಲಿಗೆ 70ರಂತೆ ಚೌಕವಾಗಿ ಹರಡಬಹುದು. ಒಂದೇ ಉಂಡೆಯ ರಾಶಿಯನ್ನು ಬಿಟ್ಟರೆ ಬೇರೆ ಯಾವ ಎತ್ತರದ ರಾಶಿಗೂ ಇದು ಸಾಧ್ಯವಿಲ್ಲವೆಂಬುದನ್ನು ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲ್ಯೂಕಾಸ್ 1875ರಲ್ಲಿ ಸವಾಲಾಗಿ ಮುಂದಿಟ್ಟರು, 1918ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಜಿ. ಎನ್. ವ್ಯಾಟ್ಸನ್ ಸಾಧಿಸಿದರು. ಪಿಯುಸಿಯ ಸೂತ್ರದಿಂದ ಹೊರಟ ಪ್ರಶ್ನೆ ಸಂಪೂರ್ಣ ಉತ್ತರಕ್ಕೆ ನಲವತ್ತು ವರ್ಷಕ್ಕೂ ಹೆಚ್ಚು ಕಾಯಿತು.

ಕೆಳಮಿತಿ ಒಂದಲ್ಲದಿದ್ದಾಗ

ಮೂಲ ಮೊತ್ತಗಳೆಲ್ಲ 1ರಿಂದ ಆರಂಭವಾಗುತ್ತವೆ. ಲೆಕ್ಕದಲ್ಲಿ ಕೆಳಮಿತಿ 11 ಇದ್ದರೆ ಪೂರ್ತಿ ಮೊತ್ತದಿಂದ ಆರಂಭದ ಭಾಗವನ್ನು ಕಳೆಯಬೇಕು:

∑(ಕ=11…30) ಕ² = ∑(ಕ=1…30) ಕ² − ∑(ಕ=1…10) ಕ² = 9455 − 385 = 9070

ಕಳೆಯಬೇಕಾದದ್ದು 10ರವರೆಗೆ, 11ರವರೆಗೆ ಅಲ್ಲ. 11ರವರೆಗೆ ಕಳೆದವರಿಗೆ 8949 ಬರುತ್ತದೆ. ಕಡಿಮೆಯಾದ 121 ಎಂಬುದು ಕಳೆದುಹೋದ 11ರ ವರ್ಗವೇ. ಇಂಥ ತಪ್ಪನ್ನು ಸೂತ್ರದ ಪುಸ್ತಕ ತಡೆಯಲಾರದು, ಉಳಿಯಬೇಕಾದ ಮೊದಲ ಪದ ಯಾವುದೆಂದು ಪ್ರತಿ ಸಲವೂ ಕೇಳಿಕೊಳ್ಳುವುದೊಂದೇ ದಾರಿ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಎಂಟು ಪರಿಕರ್ಮಗಳನ್ನು, ಅಂದರೆ ಮೂಲ ಗಣಿತಕ್ರಿಯೆಗಳನ್ನು, ವಿವರಿಸುತ್ತಾರೆ. ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲಗಳ ನಂತರ ಅವರು ಇಡುವುದು ಶ್ರೇಢಿಯನ್ನು ಕೂಡುವ ಸಂಕಲಿತ ಮತ್ತು ಶ್ರೇಢಿಯ ಆರಂಭದ ಭಾಗವನ್ನು ಕಳೆದು ಉಳಿದದ್ದರ ಮೊತ್ತವನ್ನು ಪಡೆಯುವ ವ್ಯುತ್ಕಲಿತ. ನಾವು ಈಗತಾನೇ ಮಾಡಿದ್ದು ಅದನ್ನೇ. ಅವರು ಅದಕ್ಕೆ ವರ್ಗಮೂಲ, ಘನಮೂಲಗಳ ಸಾಲಿನಲ್ಲಿಯೇ ಸ್ಥಾನ ಕೊಟ್ಟಿದ್ದಾರೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ಕೆಲವೊಮ್ಮೆ ಕಳೆಯುವುದಕ್ಕಿಂತ ಚರಾಕ್ಷರವನ್ನು ಸರಿಸುವುದು ಲೇಸು. ∑(ಕ=11…30) (ಕ − 10)² ಎಂಬುದನ್ನು ಬಿಡಿಸಿ ಬರೆದರೆ 1² + 2² + … + 20² ಎಂದು ಕಾಣುತ್ತದೆ. ಇದನ್ನು ಕ್ರಮವಾಗಿ ಮಾಡಬೇಕಾದರೆ ಜ = ಕ − 10 ಎಂದಿಟ್ಟುಕೊಳ್ಳಬೇಕು; ಕ = 11 ಆದಾಗ ಜ = 1, ಕ = 30 ಆದಾಗ ಜ = 20, ಒಳಗಿನ ಬೀಜೋಕ್ತಿ ಜ². ಮೊತ್ತ ನೇರವಾಗಿ 2870. ಇದನ್ನೇ ವರ್ಗ ಬಿಡಿಸಿ ಮಾಡಿದರೆ 9070 − 20×410 + 100×20 ಎಂಬ ಉದ್ದನೆಯ ಹಾದಿ ಹಿಡಿದು ಅದೇ 2870ಕ್ಕೆ ಬರುತ್ತೇವೆ. ಸರಿಸುವಾಗ ಮೂರು ಕಡೆ ಬದಲಾವಣೆ ಆಗಲೇಬೇಕು: ಕೆಳಮಿತಿ, ಮೇಲ್ಮಿತಿ, ಒಳಗಿನ ಬೀಜೋಕ್ತಿ. ಎರಡನ್ನು ಬದಲಿಸಿ ಒಂದನ್ನು ಮರೆತರೆ ಬೇರೆಯೇ ಮೊತ್ತವಾಗುತ್ತದೆ. ಪದಗಳ ಸಂಖ್ಯೆ ಮೊದಲು 20 ಇತ್ತು, ಈಗಲೂ 20 ಇದೆಯೇ ಎಂದು ಎಣಿಸಿ ನೋಡುವುದು ಒಳ್ಳೆಯ ಕಾವಲು.

ಘಾತಸೂಚಿಯಲ್ಲಿ ‘ಕ’ ಇದ್ದರೆ

3 + 6 + 12 + … + 1536 ಎಂಬ ಗುಣೋತ್ತರ ಶ್ರೇಢಿಯ ಸಾಮಾನ್ಯ ಪದ 3×2^ಕ, ಮಿತಿಗಳು 0ಯಿಂದ 9. ಇಲ್ಲಿ ಮೂಲ ಮೊತ್ತಗಳು ಉಪಯೋಗಕ್ಕೆ ಬರುವುದಿಲ್ಲ. ಮೊತ್ತವನ್ನು ‘ಮ’ ಎಂದು ಕರೆದು ಸಾಮಾನ್ಯ ಅನುಪಾತ 2ರಿಂದ ಗುಣಿಸಿದರೆ 2ಮ = 6 + 12 + … + 1536 + 3072. ಎರಡರಲ್ಲೂ 6ರಿಂದ 1536ರವರೆಗಿನ ಪದಗಳು ಸಮಾನ. ಕಳೆದಾಗ ಮ = 3072 − 3 = 3069.

ಇದೇ ಉಪಾಯವನ್ನು ಮುಂದಕ್ಕೆ ಒಯ್ದು ಮ = ∑(ಕ=1…ನ) ಕ×2^ಕ ಎಂಬ ಮಿಶ್ರ ಮೊತ್ತವನ್ನೂ ಬಿಡಿಸಬಹುದು. ಎರಡರಿಂದ ಗುಣಿಸಿದಾಗ ಪದಗಳು ಕ×2^(ಕ+1) ಆಗುತ್ತವೆ; ಜ = ಕ + 1 ಎಂದು ಸರಿಸಿದರೆ 2ಮ = ∑(ಜ=2…ನ+1) (ಜ − 1)×2^ಜ. ಈಗ ‘ಮ’ದಿಂದ 2ಮವನ್ನು ಕಳೆದಾಗ 2ರ ಒಂದೇ ಘಾತವಿರುವ ಪದಗಳು ಎದುರುಬದುರಾಗಿ ಬರುತ್ತವೆ: ಒಂದರ ಸಹಗುಣಕ ‘ಕ’, ಇನ್ನೊಂದರದು ಕ − 1, ಉಳಿಯುವುದು ಬರೀ 2^ಕ. ಹೀಗೆ −ಮ = ∑(ಕ=1…ನ) 2^ಕ − ನ×2^(ನ+1). ಒಳಗಿನ ಗುಣೋತ್ತರ ಮೊತ್ತ 2^(ನ+1) − 2 ಆದ್ದರಿಂದ

ಮ = (ನ − 1)×2^(ನ+1) + 2

ನ = 5 ಎಂದು ಪರೀಕ್ಷಿಸೋಣ. 2 + 8 + 24 + 64 + 160 = 258; ಸೂತ್ರದಿಂದ 4×64 + 2 = 258.

ರದ್ದಾಗುತ್ತಾ ಹೋಗುವ ಮೊತ್ತಗಳು

ಮೂಲ ಮೊತ್ತಗಳನ್ನು ಪಡೆಯುವಾಗ ನೋಡಿದ ರದ್ದತಿ ಭಿನ್ನರಾಶಿಗಳಲ್ಲಿ ಇನ್ನಷ್ಟು ಚೆನ್ನಾಗಿ ನಡೆಯುತ್ತದೆ. 1/(ಕ(ಕ+1)) ಎಂಬುದನ್ನು 1/ಕ − 1/(ಕ+1) ಎಂದು ಒಡೆದರೆ 1ರಿಂದ ‘ನ’ವರೆಗಿನ ಮೊತ್ತದಲ್ಲಿ ಉಳಿಯುವುದು 1 − 1/(ನ+1), ಅಂದರೆ ನ/(ನ+1). 99 ಪದಗಳ ಮೊತ್ತ 99/100.

ಛೇದದಲ್ಲಿ ಕ(ಕ+2) ಇದ್ದಾಗ ಎಚ್ಚರ ಬೇಕು. 1/ಕ − 1/(ಕ+2) ಎಂಬುದು 2/(ಕ(ಕ+2)) ಆಗುವುದರಿಂದ ಮುಂದೆ ಅರ್ಧ ಎಂಬ ಸ್ಥಿರಾಂಕ ಬರುತ್ತದೆ. ರದ್ದಾಗುವ ಪದ ಪಕ್ಕದ ಆವರಣದಲ್ಲಿರದೆ ಒಂದು ಬಿಟ್ಟು ಮುಂದಿನದರಲ್ಲಿರುತ್ತದೆ, ಆದ್ದರಿಂದ ಆರಂಭದಲ್ಲಿ ಎರಡು, ಕೊನೆಯಲ್ಲಿ ಎರಡು ಪದಗಳು ಉಳಿಯುತ್ತವೆ:

∑(ಕ=1…ನ) 1/(ಕ(ಕ+2)) = ½ [1 + 1/2 − 1/(ನ+1) − 1/(ನ+2)]

ನ = 2 ಆದಾಗ ನೇರವಾಗಿ 1/3 + 1/8 = 11/24; ಬಲಪಕ್ಕವೂ ½(3/2 − 7/12) = 11/24. ಇಂಥ ಮೊತ್ತಗಳಲ್ಲಿ ಮೊದಲ ಮೂರು ಮತ್ತು ಕೊನೆಯ ಎರಡು ಆವರಣಗಳನ್ನಾದರೂ ಬಿಡಿಸಿ ಬರೆಯದೆ ಯಾವುದು ಉಳಿಯಿತೆಂದು ತೀರ್ಮಾನಿಸಬಾರದು.

ಕೊನೆಯದಾಗಿ ಒಂದೇ ಮೊತ್ತವನ್ನು ಎರಡು ದಾರಿಗಳಲ್ಲಿ ಮಾಡೋಣ: ∑(ಕ=5…24) ಕ(ಕ−1). ಮೊದಲ ದಾರಿ, ಗುಣಲಬ್ಧವನ್ನು ಬಿಡಿಸಿ ಆರಂಭದ ಭಾಗವನ್ನು ಕಳೆಯುವುದು. ವರ್ಗಗಳ ಮೊತ್ತ 4900 − 30 = 4870, ಸಂಖ್ಯೆಗಳ ಮೊತ್ತ 300 − 10 = 290, ಉತ್ತರ 4870 − 290 = 4580. ಎರಡನೆಯ ದಾರಿ ರದ್ದತಿಯದು. (ಕ+1)ಕ(ಕ−1) ಎಂಬುದರಿಂದ ಕ(ಕ−1)(ಕ−2) ಎಂಬುದನ್ನು ಕಳೆದರೆ ಕ(ಕ−1) ಸಾಮಾನ್ಯವಾಗಿ ಹೊರಬಂದು ಒಳಗೆ (ಕ+1) − (ಕ−2) = 3 ಉಳಿಯುತ್ತದೆ. ಹೀಗಾಗಿ ಮೊತ್ತದ ಮೂರರಷ್ಟು ಎಂದರೆ ಕೊನೆಯ ಗುಣಲಬ್ಧ 25×24×23ರಿಂದ ಮೊದಲಿನ 5×4×3ನ್ನು ಕಳೆದದ್ದು: 13800 − 60 = 13740. ಮೂರರಿಂದ ಭಾಗಿಸಿದರೆ 4580.